ಮಾತ್ರೆ ಎಣಿಸುವ ಬೋರ್ಡು

ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವವನಿಗೆ ಸಂಘದ ಕಾರ್ಯಕ್ರಮಗಳಲ್ಲಿ ಎದುರಾಗುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಸಾರ್, ಈ ಮಾತ್ರೆ ಊಟಕ್ಕೆ ಮುಂಚೆ ತಗೋಬೇಕೋ, ಆಮೇಲೋ?" ರಾಜ್ಯೋತ್ಸವದ ಊಟಕ್ಕೆ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗಲೂ ಯಾರಾದರೊಬ್ಬರು ಮೊಬೈಲಿನಲ್ಲಿ ಸ್ಟ್ರಿಪ್ಪಿನ ಫೋಟೋ ತೋರಿಸುತ್ತಾರೆ. ನನಗೇನೂ ಬೇಸರವಿಲ್ಲ. ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಅವರ ಮನಸ್ಸಿನಲ್ಲೂ ಬಿಪಿ, ಶುಗರ್ ಬಗ್ಗೆ ಒಂದು ಲೇಖನವೇ ಇದ್ದಿರಬೇಕು. ಆದರೆ ಈ ವರ್ಷ ನನ್ನ ತಲೆಯಲ್ಲಿ ಓಡಿದ್ದು ಔಷಧಿಯಲ್ಲ, ಅಂಗೈ ಅಗಲದ ಒಂದು ಎಲೆಕ್ಟ್ರಾನಿಕ್ ಬೋರ್ಡು. ಅದನ್ನೇ ಬರೆಯುತ್ತೇನೆ.

ನನ್ನ ಓದು ಡಿ.ಫಾರ್ಮ್. ಎರಡು ವರ್ಷದ ಡಿಪ್ಲೊಮಾ, ಮೇಲೆ ಐನೂರು ಗಂಟೆಗಳ ಪ್ರಾಕ್ಟಿಕಲ್ ತರಬೇತಿ. ತಿಪಟೂರಿನಿಂದ ಹೊರಟು ಶಾರ್ಜಾ ಸೇರಿದೆ. ಹೆಂಡತಿ ಮಕ್ಕಳು ಕೆಲವು ವರ್ಷ ನನ್ನ ಜೊತೆ ಇಲ್ಲೇ ಇದ್ದರು. ಮಗಳ ಪಿಯುಸಿಗೆಂದು ಊರಿಗೆ ಹೋದವರು ಅಲ್ಲೇ ನಿಂತರು. ಗಲ್ಫಿನಲ್ಲಿರುವ ನಮ್ಮಲ್ಲಿ ಎಷ್ಟೋ ಮನೆಗಳ ಕಥೆ ಇದೇ. ಈಗ ಅವಳು ತುಮಕೂರಿನ ಕಡೆ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಳೆ. ಒಂದು ರಾತ್ರಿ ಬೋಟಿಮ್‌ನಲ್ಲಿ ಮಾತಾಡುವಾಗ, "ಅಪ್ಪಾ, ಪ್ರಾಜೆಕ್ಟಿಗೆ ಒಂದು ಎಫ್‌ಪಿಜಿಎ ಬೋರ್ಡ್ ಬೇಕು. ಚಿಕ್ಕದಾಗಿರಬೇಕು, ಆದ್ರೆ ಡೇಟಾ ಫಾಸ್ಟಾಗಿ ಲ್ಯಾಪ್‌ಟಾಪಿಗೆ ಬರಬೇಕು. ಯುಎಸ್‌ಬಿ 3 ಇರೋದು ನೋಡಿದೀನಿ, ಲಿಂಕ್ ಕಳಿಸ್ತೀನಿ" ಅಂದಳು.

ಲಿಂಕಿನಲ್ಲಿದ್ದ ಬೆಲೆ ನೋಡಿದೆ. ಪರೀಕ್ಷಾ ಫೀಸು, ಊರಿನ ಮನೆಯ ಕಂತು ಎರಡೂ ಒಟ್ಟಿಗೆ ನೆನಪಾದವು.

ಅವಳ ತಂಡದಲ್ಲಿ ನಾಲ್ಕು ಜನ. ಉಳಿದ ಮೂವರಿಗೂ ಒಂದು ಸುಲಭದ ದಾರಿ ಗೊತ್ತಿತ್ತು: ಬೆಂಗಳೂರಿನಲ್ಲಿ ಕೊನೇ ವರ್ಷದ ಪ್ರಾಜೆಕ್ಟನ್ನು ರಿಪೋರ್ಟು ಸಮೇತ ಸಿದ್ಧ ಮಾಡಿ ಮಾರುವ ಅಂಗಡಿಗಳಿವೆ, ದುಡ್ಡು ಹಂಚಿಕೊಂಡರೆ ಮುಗಿಯಿತು. ಒಂದು ತಿಂಗಳೊಳಗೆ ಬೋರ್ಡು ಕೈಗೆ ಬರದಿದ್ದರೆ, ಅಥವಾ ಬಂದ ಬೋರ್ಡು ಕೆಲಸಕ್ಕೆ ಒದಗದಿದ್ದರೆ ಎಲ್ಲರೂ ಆ ಅಂಗಡಿಗೇ ಹೋಗುವುದೆಂದು ಮಾತಾಗಿತ್ತು. ಮಗಳು ಇದನ್ನು ನನಗೆ ಹೇಳಿದ್ದು ತಡವಾಗಿ, ಅದೂ ಅಳು ನುಂಗಿಕೊಂಡು. ಎರಡನೇ ಬೋರ್ಡು ಕೊಳ್ಳಲು ನನ್ನಲ್ಲಿ ದುಡ್ಡಿರಲಿಲ್ಲ, ಅವಳಲ್ಲಿ ಸಮಯವಿರಲಿಲ್ಲ. ಆರಿಸುವುದು ಒಂದೇ ಸಲ.

ಪ್ರಾಜೆಕ್ಟಿನ ವಿಷಯ ಹುಟ್ಟಿದ್ದು ನನ್ನ ಕಸುಬಿನಿಂದಲೇ. ನಮ್ಮ ಫಾರ್ಮಸಿಗೆ ಕೆಲವು ಮಾತ್ರೆಗಳು ಐನೂರು, ಸಾವಿರದ ಡಬ್ಬಿಗಳಲ್ಲಿ ಬರುತ್ತವೆ. ಟ್ರೇ ಮೇಲೆ ಸುರಿದು ಸ್ಪ್ಯಾಚುಲಾದಿಂದ ಐದೈದಾಗಿ ಸರಿಸಿ ಎಣಿಸುತ್ತೇವೆ. ಎಣಿಸುವ ಯಂತ್ರವೂ ಇದೆ. ಮೇಲಿಂದ ಸುರಿದರೆ ಬೆಳಕಿನ ಕಿರಣವನ್ನು ಅಡ್ಡಗಟ್ಟಿ ಬೀಳುವ ಒಂದೊಂದು ಮಾತ್ರೆಯನ್ನೂ ಅದು ಲೆಕ್ಕ ಹಿಡಿಯುತ್ತದೆ. ಆದರೆ ಮಾತ್ರೆಯ ಪುಡಿ ಕಣ್ಣಿಗೆ ಮೆತ್ತಿಕೊಂಡರೆ ಅದಕ್ಕೆ ಸಿಟ್ಟು ಬರುತ್ತದೆ. ಮೀನೆಣ್ಣೆ ಕ್ಯಾಪ್ಸೂಲಿನಂಥ ಪಾರದರ್ಶಕ ವಸ್ತುವಿನೊಳಗೆ ಬೆಳಕು ತೂರಿಹೋಗಿ ಲೆಕ್ಕ ತಪ್ಪುತ್ತದೆ. ಅರ್ಧ ಮುರಿದ ಮಾತ್ರೆಯೂ ಅದಕ್ಕೆ ಒಂದೇ, ಇಡೀ ಮಾತ್ರೆಯೂ ಒಂದೇ. ಇದನ್ನು ಹಿಂದೊಮ್ಮೆ ಮಗಳಿಗೆ ವಿವರಿಸಿದ್ದೆ. ಎಣಿಸುವುದರ ಜೊತೆಗೆ ಮಾತ್ರೆಯ ಆಕಾರವನ್ನೂ ನೋಡುವ ಕಣ್ಣು ಮಾಡಿದರೆ ಹೇಗೆ ಎಂಬ ಯೋಚನೆ ಅವಳ ತಲೆಗೆ ಹೊಕ್ಕಿದ್ದು ಆಗ.

ಎಫ್‌ಪಿಜಿಎ ಎಂದರೇನು ಎಂದು ಕೇಳುವ ಓದುಗರಿಗೆ ನನಗೆ ಅರ್ಥವಾದಷ್ಟು ಹೇಳುತ್ತೇನೆ. ನಮ್ಮ ಕಂಪ್ಯೂಟರು, ಮೊಬೈಲಿನ ಪ್ರೊಸೆಸರು ಕೊಟ್ಟ ಆಜ್ಞೆಗಳನ್ನು ಒಂದರ ಹಿಂದೊಂದು ನಡೆಸುತ್ತದೆ. ಬಲು ಚುರುಕಾದ ಒಬ್ಬನೇ ಫಾರ್ಮಸಿಸ್ಟ್ ಎಲ್ಲಾ ಚೀಟಿಗಳನ್ನೂ ಸರದಿಯಲ್ಲಿ ಮುಗಿಸಿದ ಹಾಗೆ. ಎಫ್‌ಪಿಜಿಎ ಹಾಗಲ್ಲ, ಅದು ಖಾಲಿ ಕಟ್ಟಡ. ಎಷ್ಟು ಕೌಂಟರು ಬೇಕು, ಯಾವ ಕೌಂಟರಿನಿಂದ ಯಾವುದಕ್ಕೆ ಬಾಗಿಲು ಎಂಬುದನ್ನು ನಾವೇ ಬರೆದುಕೊಟ್ಟರೆ ಒಳಗಿನ ಸರ್ಕ್ಯೂಟ್ ಹಾಗೆ ಜೋಡಣೆಯಾಗುತ್ತದೆ, ಎಲ್ಲಾ ಕೌಂಟರುಗಳೂ ಒಟ್ಟಿಗೇ ಕೆಲಸ ಮಾಡುತ್ತವೆ. ಇವುಗಳಲ್ಲಿ ಹೆಚ್ಚಿನವು ಕರೆಂಟು ಹೋದರೆ ಜೋಡಣೆ ಮರೆಯುತ್ತವೆ. ಬಂದಾಗ ಪಕ್ಕದ ಫ್ಲ್ಯಾಶ್ ಚಿಪ್ಪಿನಿಂದ ಮತ್ತೆ ಓದಿಕೊಳ್ಳುತ್ತವೆ. 1984ರಲ್ಲಿ ಶುರುವಾದ ಕ್ಸೈಲಿಂಕ್ಸ್ ಕಂಪನಿ 1985ರಲ್ಲಿ ಹೊರತಂದ ಎಕ್ಸ್‌ಸಿ2064 ಎಂಬ ಚಿಪ್ಪಿನಲ್ಲಿ ಇಂಥ 64 ಬ್ಲಾಕುಗಳಿದ್ದವು. ಈಗ ವಿದ್ಯಾರ್ಥಿಗಳ ಬೋರ್ಡಿನಲ್ಲಿರುವ ಸಾಮಾನ್ಯ ಚಿಪ್ಪಿನ ಲೆಕ್ಕವೇ 33,280 ಲಾಜಿಕ್ ಸೆಲ್ಲುಗಳು. ಆ ಕಂಪನಿಯನ್ನು 2022ರಲ್ಲಿ ಎಎಂಡಿ ಕೊಂಡುಕೊಂಡಿತು.

ಮಗಳು ಕಳಿಸಿದ ಲಿಂಕು ಓಪಲ್ ಕೆಲ್ಲಿ ಎಂಬ ಕಂಪನಿಯ ಎಕ್ಸ್‌ಇಎಂ7310ದ್ದು. ವಿಸಿಟಿಂಗ್ ಕಾರ್ಡಿಗಿಂತ ಕೂದಲೆಳೆ ಕಿರಿದು, 75 ಮಿಲಿಮೀಟರಿಗೆ 50. ಒಂದು ಜಿಬಿ ಮೆಮೊರಿ, ಯುಎಸ್‌ಬಿ 3.0, ಸೆಕೆಂಡಿಗೆ 300 ಎಂಬಿಗೂ ಮೇಲೆ ಡೇಟಾ. ಅದು ಒಳ್ಳೆಯ ವಸ್ತುವೆಂಬುದರಲ್ಲಿ ಅನುಮಾನವಿಲ್ಲ. ಕೇಬಲ್ಲಿನ ಆಚೆಬದಿಯ ತಂತ್ರಾಂಶವನ್ನೂ ಕಂಪನಿಯೇ ಕೊಡುತ್ತದೆ, ಯುಎಸ್‌ಬಿಯ ಒಳಗಿನ ಗೋಜಲಿಗೆ ವಿದ್ಯಾರ್ಥಿ ಇಳಿಯಬೇಕಿಲ್ಲ. ಆದರೆ ನನ್ನ ವೃತ್ತಿಯಲ್ಲಿ ಒಳ್ಳೆಯ ಔಷಧಿ ಎಂಬ ಮಾತಿಗೆ ಬೆಲೆ ಕಡಿಮೆ. ಯಾವ ರೋಗಿಗೆ, ಯಾವ ಪ್ರಮಾಣದಲ್ಲಿ, ಜೊತೆಗೆ ಇನ್ನೇನು ತಗೊಳ್ಳುತ್ತಿದ್ದಾರೆ ಎಂದು ಕೇಳದೆ ಒಳ್ಳೆಯದೆಂದು ಹೇಗೆ ಹೇಳುವುದು? ಮಗಳಿಗೂ ಅದನ್ನೇ ಕೇಳಿದೆ.

"ಸೆಕೆಂಡಿಗೆ ಎಷ್ಟು ಡೇಟಾ ಬರುತ್ತೆ ಪುಟ್ಟೀ?"

"ಫಾಸ್ಟಾಗಿ ಬರುತ್ತಪ್ಪಾ."

"ಫಾಸ್ಟ್ ಅನ್ನೋದು ಡೋಸ್ ಅಲ್ಲ. ಎಷ್ಟು ಮಿಲಿಗ್ರಾಂ ಹೇಳು."

ಅವಳಿಗೆ ಸಿಟ್ಟು ಬಂತು. ಎರಡು ದಿನ ಫೋನು ಅವಳಮ್ಮನ ಕೈಯಲ್ಲೇ ಇತ್ತು. ಮೂರನೇ ದಿನ ನೋಟ್‌ಬುಕ್ ಹಾಳೆಯ ಫೋಟೋ ಬಂತು. ಆ ಲೆಕ್ಕವನ್ನು ಇಲ್ಲಿ ಕೊಡಲೇಬೇಕು, ಏಕೆಂದರೆ ತೀರ್ಮಾನವೆಲ್ಲ ನಿಂತಿದ್ದು ಅದರ ಮೇಲೆ.

ಮಾತ್ರೆ 20 ಸೆಂಟಿಮೀಟರ್ ಎತ್ತರದಿಂದ ಬಿದ್ದರೆ ಕಣ್ಣಿನ ಮುಂದೆ ಹಾಯುವ ಹೊತ್ತಿಗೆ ಅದರ ವೇಗ ಸೆಕೆಂಡಿಗೆ ಸುಮಾರು 2 ಮೀಟರ್. ಸೆಕೆಂಡಿಗೆ 30 ಚಿತ್ರ ತೆಗೆಯುವ ಸಾಮಾನ್ಯ ಕ್ಯಾಮೆರಾದಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ ಮಾತ್ರೆ ಆರೂವರೆ ಸೆಂಟಿಮೀಟರ್ ಕೆಳಗೆ ಹೋಗಿರುತ್ತದೆ, ಅಂದರೆ ಕಾಣದೇ ಹೋಗಬಹುದು. ಸೆಕೆಂಡಿಗೆ 500 ಚಿತ್ರವಾದರೆ 4 ಮಿಲಿಮೀಟರಿಗೊಂದು ಸಿಗುತ್ತದೆ. ಆದರೆ 640ಕ್ಕೆ 480 ಬಿಂದುಗಳ ಚಿತ್ರ, ಬಿಂದುವಿಗೊಂದು ಬೈಟ್ ಎಂದರೂ ಸೆಕೆಂಡಿಗೆ 15 ಕೋಟಿ 36 ಲಕ್ಷ ಬೈಟು. ಇದು ಗಿಗಾಬಿಟ್ ಈಥರ್ನೆಟ್ಟಿಗೂ ಮೀರಿದ್ದು. ಅದರ ಮಿತಿ ಸೆಕೆಂಡಿಗೆ ಹನ್ನೆರಡೂವರೆ ಕೋಟಿ ಬೈಟು, ಅದೂ ಕಾಗದದ ಮೇಲೆ. ಈ ದಾರಿಯಲ್ಲಿ ಹೋದರೆ ಯುಎಸ್‌ಬಿ 3 ಬೇಕೇ ಬೇಕು. ಮಗಳ ಮಾತು ಸರಿ.

ಆದರೆ ಲೆಕ್ಕದ ಕೆಳಗೆ ಅವಳೇ ಒಂದು ಸಾಲು ಬರೆದಿದ್ದಳು: ಇಡೀ ಚಿತ್ರ ಏಕೆ ಬೇಕು? ಮಾತ್ರೆ ತಾನೇ ಕೆಳಗೆ ಬೀಳುತ್ತಿರುವಾಗ ಒಂದೇ ಸಾಲಿನ ಕಣ್ಣು ಸಾಕಲ್ಲವೇ? ಫೋಟೋಕಾಪಿ ಯಂತ್ರದ ಕೆಲಸ ಇದ್ದ ಹಾಗೆ. 128 ಬಿಂದುಗಳ ಲೈನ್ ಸೆನ್ಸರ್ ಒಂದನ್ನು ಲೆನ್ಸಿನ ಹಿಂದಿಟ್ಟು, ಮಾತ್ರೆ ಬೀಳುವ 4 ಸೆಂಟಿಮೀಟರ್ ಅಗಲದ ಕಿಂಡಿಯನ್ನು ನೋಡುವಂತೆ ಮಾಡಿದರೆ ಬಿಂದುವಿಗೆ 0.3 ಮಿಲಿಮೀಟರ್ ಬರುತ್ತದೆ. ಸೆಕೆಂಡಿಗೆ 2,000 ಸಾಲು ಓದಿದರೆ ಮಿಲಿಮೀಟರಿಗೊಂದು ಸಾಲು. 8 ಮಿಲಿಮೀಟರಿನ ಮಾತ್ರೆ ಎಂಟು ಸಾಲುಗಳಲ್ಲಿ, ಅಡ್ಡಕ್ಕೆ ಇಪ್ಪತ್ತೈದು ಬಿಂದುಗಳಲ್ಲಿ ಮೂಡುತ್ತದೆ. ಅರ್ಧ ಮಾತ್ರೆಯೋ ಇಡೀ ಮಾತ್ರೆಯೋ ತಿಳಿಯಲು ಅಷ್ಟು ಸಾಕು. ಡೇಟಾ? ಸೆಕೆಂಡಿಗೆ 2,56,000 ಬೈಟು. ಹದಿನೈದು ಕೋಟಿ ಎಲ್ಲಿ, ಎರಡೂವರೆ ಲಕ್ಷ ಎಲ್ಲಿ!

ಆ ಒಂದು ಸಾಲು ಓದಿ ನಾನು ಡ್ಯೂಟಿ ರೂಮಿನಲ್ಲಿ ಒಬ್ಬನೇ ನಕ್ಕೆ. ದುಡ್ಡು ಉಳಿಯಿತು ಎಂದಲ್ಲ, ಅದೂ ಸ್ವಲ್ಪ ಇತ್ತು ಬಿಡಿ. ಪ್ರಶ್ನೆಯನ್ನು ಅವಳು ತಾನಾಗಿ ತಿರುಗಿಸಿದ್ದಳಲ್ಲ, ಅದಕ್ಕೆ.

ಅಲ್ಲಿಂದ ಮುಂದೆ ಹುಡುಕಾಟ ಸುಲಭವಾಗಬೇಕಿತ್ತು. ಆಗಲಿಲ್ಲ. ಬೋರ್ಡುಗಳ ಲೋಕದಲ್ಲಿ 'ಕನೆಕ್ಟಿವಿಟಿ' ಎಂಬ ಪದದಷ್ಟು ದಾರಿ ತಪ್ಪಿಸುವುದು ಇನ್ನೊಂದಿಲ್ಲ. ಬೋರ್ಡಿನ ತುದಿಯಲ್ಲಿ ಟೈಪ್-ಸಿ ಕಿಂಡಿ ಕಂಡ ಕೂಡಲೇ ವೇಗದ ಬೋರ್ಡು ಎಂದುಕೊಳ್ಳಬೇಡಿ, ಅದು ಕಿಂಡಿಯ ಆಕಾರ ಮಾತ್ರ. ಎಷ್ಟೋ ಸಣ್ಣ ಬೋರ್ಡುಗಳಲ್ಲಿ ಯುಎಸ್‌ಬಿ ಇರುವುದು ಚಿಪ್ಪಿಗೆ ಪ್ರೋಗ್ರಾಂ ತುಂಬಲು, ಜೊತೆಗೆ ಒಂದು ಸೀರಿಯಲ್ ಪೋರ್ಟಿಗೆ. ಎಲ್ಲರೂ ಬಳಸುವ 1,15,200ರ ಸೀರಿಯಲ್ ವೇಗದಲ್ಲಿ ಸೆಕೆಂಡಿಗೆ ಹೋಗುವುದು 11,520 ಬೈಟು ಮಾತ್ರ. ಮಗಳ ಒಂದೇ ಒಂದು ಸೆನ್ಸರಿಗೂ ಸಾಲದು. ಕಾಲೇಜಿನ ಲ್ಯಾಬಿನಲ್ಲಿದ್ದ ಬೇಸಿಸ್ 3 ಬೋರ್ಡಿನದೂ ಇದೇ ಪಾಡು. ಸ್ವಿಚ್ಚು, ಎಲ್‌ಇಡಿ ಹದಿನಾರು ಹದಿನಾರು ಇವೆ, ಕಲಿಯಲು ಬಲು ಚೆನ್ನ, ಆದರೆ ಈಥರ್ನೆಟ್ ಇಲ್ಲ.

ಈಥರ್ನೆಟ್ಟಿನಲ್ಲೂ ಒಂದು ಸೂಕ್ಷ್ಮವಿದೆ. ಬೋರ್ಡಿನ ಮೇಲೆ ಕೂತಿರುವ ಈಥರ್ನೆಟ್ ಚಿಪ್ಪು ಬರೀ ತಂತಿಯ ಕೆಲಸ ನೋಡಿಕೊಳ್ಳುತ್ತದೆ. ಪೊಟ್ಟಣ ಕಟ್ಟಿ ವಿಳಾಸ ಬರೆಯುವ ಭಾಗವನ್ನು ಎಫ್‌ಪಿಜಿಎ ಒಳಗೆ ನಾವೇ ಜೋಡಿಸಬೇಕು. ಕ್ಸೈಲಿಂಕ್ಸ್‌ನ ತಂತ್ರಾಂಶದ ಜೊತೆ 100 ಮೆಗಾಬಿಟ್ಟಿನ ಭಾಗ ಪುಕ್ಕಟೆ ಬರುತ್ತದೆ, ಗಿಗಾಬಿಟ್ಟಿನದಕ್ಕೆ ಲೈಸೆನ್ಸ್ ದುಡ್ಡು. ಜಿಂಕ್ ಎಂಬ ಬಗೆಯ ಚಿಪ್ಪಾದರೆ ಒಳಗೇ ಎರಡು ಎಆರ್‌ಎಂ ಪ್ರೊಸೆಸರುಗಳೂ ಗಿಗಾಬಿಟ್ ಈಥರ್ನೆಟ್ಟೂ ಸಿದ್ಧವಾಗಿರುತ್ತವೆ, ಆದರೆ ಕಲಿಯುವುದು ದುಪ್ಪಟ್ಟು. ಬೋರ್ಡಿನ ಬೆಲೆಪಟ್ಟಿಯಲ್ಲಿ ಇವು ಯಾವುವೂ ಇರುವುದಿಲ್ಲ. ಅಗ್ಗದ ಇಂಜೆಕ್ಷನ್ ಕೊಂಡು ಅದನ್ನು ಕೊಡಲು ಬೇಕಾದ ಇನ್‌ಫ್ಯೂಷನ್ ಪಂಪಿಗೆ ಸಾವಿರಾರು ಸುರಿದ ಹಾಗೆ ಆಗಬಹುದು. ಅತ್ತ ಓಪಲ್ ಕೆಲ್ಲಿಯ ಬೋರ್ಡಿನ ಪಿನ್ನುಗಳೆಲ್ಲ ಒತ್ತೊತ್ತಾದ ಸಣ್ಣ ಕನೆಕ್ಟರುಗಳಲ್ಲಿವೆ. ಬ್ರೆಡ್‌ಬೋರ್ಡಿನ ತಂತಿ ಅದರಲ್ಲಿ ಕೂರುವುದಿಲ್ಲ, ಮಧ್ಯೆ ಇನ್ನೊಂದು ಬೋರ್ಡು ಬೇಕು. ಕಾರ್ಖಾನೆಯವರಿಗೆ ಅದೇ ಅನುಕೂಲ, ಹಾಸ್ಟೆಲ್ ಮಂಚದ ಮೇಲೆ ಕೂತು ತಂತಿ ಚುಚ್ಚುವ ಹುಡುಗಿಯರಿಗಲ್ಲ. ಎರಡೂವರೆ ಲಕ್ಷ ಬೈಟಿಗೆ ಅದನ್ನು ಕೊಳ್ಳುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಕಣ್ಣು ಕೊನೆಗೆ ನಿಂತದ್ದು ಡಿಜಿಲೆಂಟ್ ಕಂಪನಿಯ ಆರ್ಟಿ ಎ7 ಮೇಲೆ. ಇಲ್ಲಿ ನನ್ನ ಕಸುಬು ನಿಜವಾಗಿಯೂ ಕೆಲಸಕ್ಕೆ ಬಂತು. ಆಸ್ಪತ್ರೆಯಲ್ಲಿ ಹೆಸರು ಹೋಲುವ ಔಷಧಿಗಳದೇ ಒಂದು ಪಟ್ಟಿ ಗೋಡೆಯ ಮೇಲಿರುತ್ತದೆ. ಡೋಪಮಿನ್, ಡೋಬ್ಯುಟಮಿನ್ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇಡುವುದಿಲ್ಲ. ಆರ್ಟಿ ಎಂಬ ಹೆಸರಲ್ಲೂ ಹೀಗೇ ಎ7, ಎಸ್7, ಜ಼ೆಡ್7 ಎಂದು ಮೂವರು ಅಣ್ಣತಮ್ಮಂದಿರು, ನೋಡಲು ಬಹುಪಾಲು ಒಂದೇ. ಎ7ರಲ್ಲಿ 100 ಮೆಗಾಬಿಟ್ ಈಥರ್ನೆಟ್ ಇದೆ. ಎಸ್7ರಲ್ಲಿ ಈಥರ್ನೆಟ್ಟೇ ಇಲ್ಲ. ಜ಼ೆಡ್7ರಲ್ಲಿ ಗಿಗಾಬಿಟ್, ಆದರೆ ಅದು ಆಗಲೇ ಹೇಳಿದ ಜಿಂಕ್. ಮಾರುವವರೊಬ್ಬರು ಫೋನಿನಲ್ಲಿ, "ಎ7 ಸ್ಟಾಕಿಲ್ಲ ಸಾರ್, ಎಸ್7 ತಗೊಳ್ಳಿ, ಅದೇ ಇದು" ಎಂದರು. ಔಷಧಿ ಬದಲಾಯಿಸುವ ಮುಂಚೆ ವೈದ್ಯರನ್ನು ಕೇಳುವುದು ನಮ್ಮ ನಿಯಮ. ಬೇಡವೆಂದೆ.

ಚಿಪ್ಪಿನ ಮೇಲಿನ ಅಕ್ಷರಗಳನ್ನು ಓದಲು ಕಲಿತದ್ದು ಒಂದು ಖುಷಿ. ಎಕ್ಸ್‌ಸಿ7ಎ35ಟಿಐ, ಸಿಎಸ್‌ಜಿ324, -1ಎಲ್. 7 ಎಂದರೆ ತಲೆಮಾರು, ಎ ಎಂದರೆ ಆರ್ಟಿಕ್ಸ್ ಮನೆತನ, 35 ಎಂದರೆ ಹೆಚ್ಚುಕಮ್ಮಿ ಎಷ್ಟು ಸಾವಿರ ಸೆಲ್ಲು, ಐ ಎಂದರೆ ಕಾರ್ಖಾನೆಯ ಶಾಖವನ್ನೂ ತಡೆಯುವ ದರ್ಜೆ, 324 ಎಂದರೆ ಅಡಿಯಲ್ಲಿರುವ ಸೀಸದುಂಡೆಯಂಥ ಕಾಲುಗಳು, ಕೊನೆಯದು ವೇಗದ ದರ್ಜೆ. ನಮ್ಮ ಲೇಬಲ್ಲಿನಲ್ಲಿ ಹೆಸರು, ಶಕ್ತಿ, ರೂಪ, ಎಷ್ಟು ಡಿಗ್ರಿಯಲ್ಲಿ ಇಡಬೇಕು ಎಂದು ಬರೆದಿರುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಇದೇ ಬೋರ್ಡು 100ರ ಚಿಪ್ಪಿನಲ್ಲೂ ಬರುತ್ತದೆ, ಮೂರು ಪಟ್ಟು ದೊಡ್ಡದು. ಗೈಡ್ ಮೇಡಂ ಮಗಳ ಲೆಕ್ಕ ನೋಡಿ 35 ಧಾರಾಳವಾಯಿತು ಎಂದರಂತೆ.

ಇನ್ನೂ ಎರಡು ಗುಣಗಳು ಸೇರಿ ತೀರ್ಮಾನ ಗಟ್ಟಿಯಾಯಿತು. ಲೈನ್ ಸೆನ್ಸರು ಕೊಡುವುದು ಅನಲಾಗ್ ಸಂಕೇತ. ಆರ್ಟಿಕ್ಸ್ ಚಿಪ್ಪಿನೊಳಗೇ ಸೆಕೆಂಡಿಗೆ ಹತ್ತು ಲಕ್ಷ ಸಲ ಅಳೆಯುವ ಪರಿವರ್ತಕವಿದೆ, ಆರ್ಟಿಯ ಪಿನ್ನುಗಳು 3.3 ವೋಲ್ಟಿನವರೆಗೆ ನೇರವಾಗಿ ತೆಗೆದುಕೊಳ್ಳುತ್ತವೆ, ಬೇರೆ ಚಿಪ್ಪು ಬೇಡ. ಎರಡನೆಯದು 256 ಎಂಬಿ ಮೆಮೊರಿ. ಎರಡು ಸೆನ್ಸರಿಟ್ಟರೂ ಎಂಟು ನಿಮಿಷಕ್ಕೂ ಹೆಚ್ಚು ಕಾಲದ ಡೇಟಾ ಬೋರ್ಡಿನಲ್ಲೇ ಹಿಡಿಯುತ್ತದೆ. ಅಂದರೆ ಈಥರ್ನೆಟ್ ಕೈಕೊಟ್ಟ ದಿನವೂ ಮೊದಲು ತುಂಬಿಕೊಂಡು ಆಮೇಲೆ ನಿಧಾನವಾಗಿ ಕಳಿಸಬಹುದು. ಐನೂರು ಚಿತ್ರಗಳ ಕ್ಯಾಮೆರಾ ಆಗಿದ್ದರೆ ಅದೇ ಮೆಮೊರಿ ಎರಡು ಸೆಕೆಂಡಿನೊಳಗೆ ತುಂಬಿ ತುಳುಕುತ್ತಿತ್ತು.

ನನ್ನ ರೂಮಿನ ಜೊತೆಗಾರ ಐಟಿಯವನು. "ಅಣ್ಣಾ, ಇಷ್ಟಕ್ಕೆ ಐನೂರು ರೂಪಾಯಿಯ ಮೈಕ್ರೋಕಂಟ್ರೋಲರ್ ಸಾಕಿತ್ತಲ್ಲ" ಅಂದ. ಒಂದು ಸೆನ್ಸರಿಗೆ ಬಹುಶಃ ಸಾಕು, ಅವನು ಹೇಳಿದ್ದು ಸುಳ್ಳಲ್ಲ. ಆದರೆ ಮಗಳ ವಿಷಯ ವಿಎಲ್‌ಎಸ್‌ಐ, ಗೈಡ್ ಕೇಳಿರುವುದು ವೆರಿಲಾಗ್‌ನಲ್ಲಿ ಬರೆದ ಸರ್ಕ್ಯೂಟು, ಮತ್ತು ನಾಳೆ ನಾಲ್ಕು ಕಿಂಡಿ, ಎಂಟು ಕಿಂಡಿ ಮಾಡಬೇಕೆಂದರೆ ಎಫ್‌ಪಿಜಿಎಯಲ್ಲಿ ಅದೇ ಸರ್ಕ್ಯೂಟನ್ನು ಇನ್ನೊಂದು ಸಲ ಇಟ್ಟರಾಯಿತು, ಒಂದು ಇನ್ನೊಂದನ್ನು ಕಾಯುವುದಿಲ್ಲ.

ಬೋರ್ಡು ಇಲ್ಲಿಗೇ ತರಿಸಿದೆ. ಇಲ್ಲಿನ ಬೇಸಿಗೆಯಲ್ಲಿ ಕೊರಿಯರ್ ವ್ಯಾನಿನೊಳಗೆ ಎಷ್ಟು ಶಾಖವಿರುತ್ತದೆಂದು ಇನ್ಸುಲಿನ್ ಇಳಿಸಿಕೊಳ್ಳುವ ನನಗೆ ಚೆನ್ನಾಗಿ ಗೊತ್ತು. ಆ 'ಐ' ಅಕ್ಷರ ನೆನೆದು ಸಮಾಧಾನ ಮಾಡಿಕೊಂಡೆ. ಆಂಟಿಸ್ಟ್ಯಾಟಿಕ್ ಕವರನ್ನು ಬಿಚ್ಚದೆ, ರಜೆಗೆ ಊರಿಗೆ ಹೊರಟಿದ್ದ ನಮ್ಮ ಸಂಘದ ಅರಸೀಕೆರೆಯವರೊಬ್ಬರ ಕೈಲಿ ಕೊಟ್ಟೆ. ಅವರು ಖರ್ಜೂರದ ಡಬ್ಬಿಗಳ ನಡುವೆ ಬೇಡವೆಂದು ಹ್ಯಾಂಡ್‌ಬ್ಯಾಗಿನಲ್ಲೇ ಒಯ್ದು, ತುಮಕೂರಿನಲ್ಲಿ ರೈಲಿಳಿದು ಹಾಸ್ಟೆಲ್ಲಿಗೇ ತಲುಪಿಸಿ ಬಂದರು. ಕೊಟ್ಟ ಗಡುವಿಗೆ ಆರು ದಿನ ಬಾಕಿ ಇತ್ತು.

ಅದೇನು ಕೂಡಲೇ ಓಡಲಿಲ್ಲ. ವಿವಾಡೊ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಆದರೆ ಹತ್ತಾರು ಜಿಬಿ. ಹಾಸ್ಟೆಲ್ಲಿನ ವೈಫೈಯಲ್ಲಿ ಮೂರು ರಾತ್ರಿ ಇಳಿಸಿಕೊಂಡರು. ಅಂಗಡಿಗೆ ಹೋಗೋಣ ಎನ್ನುತ್ತಿದ್ದ ಹುಡುಗಿಯರಲ್ಲಿ ಒಬ್ಬಳ ಲ್ಯಾಪ್‌ಟಾಪಿನಲ್ಲಿ ಜಾಗವಿತ್ತು, ಕೆಲಸ ಅದರಲ್ಲೇ ಶುರುವಾಯಿತು. ಲ್ಯಾಪ್‌ಟಾಪಿನ ಒಡತಿ ಎಲ್ಲಿ ಹೋಗುತ್ತಾಳೆ? ಅವಳೂ ಕೂತಳು. ಲೆನ್ಸು ಎಸ್.ಪಿ. ರೋಡಿನಲ್ಲಿ ಸಿಕ್ಕಿತು, ಕಿಂಡಿಯನ್ನು ರಟ್ಟಿನಲ್ಲಿ ಮಾಡಿದರು. ಒಂದು ಸಾಲಿಗೆ ಸಿಗುವುದು ಅರ್ಧ ಮಿಲಿಸೆಕೆಂಡ್ ಬೆಳಕು, ಅದಕ್ಕೆ ಹಿಂದಿನಿಂದ ಜೋರಾದ ಎಲ್‌ಇಡಿ ಪಟ್ಟಿ ಬೇಕಾಯಿತು. ಮಾತ್ರೆಗಳ ಬದಲಿಗೆ ಮೆಸ್ಸಿನಿಂದ ತಂದ ಕಡಲೆಕಾಳು. ಮೊದಲ ದಿನ ನೂರು ಕಾಳು ಸುರಿದಾಗ ಲ್ಯಾಪ್‌ಟಾಪು ತೋರಿಸಿದ್ದು 97. ಅವಳು ವಿಡಿಯೋ ಕಳಿಸಿದ್ದಳು, ಹಿಂದೆ ನಾಲ್ವರೂ ಕೂಗುತ್ತಿದ್ದದ್ದು ಕೇಳಿಸಿತು.

ಮೂರು ಎಲ್ಲಿ ಹೋದವು ಎಂದು ನಾನು ಕೇಳಲೇಬೇಕಲ್ಲ. ಫಾರ್ಮಸಿಯಲ್ಲಿ 97 ಎಂದರೆ ಪಾಸಲ್ಲ. ಎರಡು ಕಾಳು ಒಂದರ ಹಿಂದೊಂದು ಮರೆಯಾಗಿ ಒಟ್ಟಿಗೆ ಬಿದ್ದರೆ ಸೆನ್ಸರಿಗೆ ಕಾಣುವ ನೆರಳು ಒಂದೇ. ಅದಕ್ಕೇ ಎರಡನೇ ಸೆನ್ಸರನ್ನು ಮೊದಲನೆಯದಕ್ಕೆ ಅಡ್ಡಲಾಗಿ ಇಡುತ್ತಿದ್ದಾರೆ. ಒಂದಕ್ಕೆ ಮರೆಯಾದದ್ದು ಇನ್ನೊಂದಕ್ಕೆ ಕಾಣಬೇಕು. ಡೇಟಾ ಸೆಕೆಂಡಿಗೆ ಐದು ಲಕ್ಷ ಬೈಟಾಗುತ್ತದೆ, ಈಥರ್ನೆಟ್ಟಿನಲ್ಲಿ ಅದರ ಇಪ್ಪತ್ತು ಪಟ್ಟಿಗೂ ಜಾಗವಿದೆ. ಪಾರದರ್ಶಕ ಕ್ಯಾಪ್ಸೂಲಿನ ಸಮಸ್ಯೆ ಹಾಗೇ ಇದೆ. ಅದರ ಅಂಚಿನಲ್ಲಿ ಬೆಳಕು ಬಾಗಿ ಕಪ್ಪು ಉಂಗುರ ಮೂಡುತ್ತದೆಂದೂ ಆ ಉಂಗುರವನ್ನೇ ಹಿಡಿಯಬಹುದೆಂದೂ ಮಗಳ ವಾದ. ನೋಡಬೇಕು.

ಎರಡನೇ ಸೆನ್ಸರಿಗೆ ಮೊದಲಿನದರಂಥದೇ ಲೆನ್ಸು ಎಸ್.ಪಿ. ರೋಡಿನಲ್ಲಿ ಮತ್ತೆ ಸಿಗಲಿಲ್ಲವಂತೆ. ಇಲ್ಲಿ ಒಂದು ಹುಡುಕಿಟ್ಟಿದ್ದೇನೆ, ನೂರು ಗ್ರಾಮೂ ತೂಗುವುದಿಲ್ಲ. ತುಮಕೂರು, ತಿಪಟೂರು, ಅರಸೀಕೆರೆ ಕಡೆಗೆ ರಜೆಗೆ ಹೊರಟಿರುವವರು ಯಾರಾದರೂ ಇದ್ದರೆ ದಯವಿಟ್ಟು ಸಂಘದ ಗ್ರೂಪಿನಲ್ಲಿ ಒಂದು ಮೆಸೇಜು ಹಾಕಿ.